ಸಾರಿನ ಬಕೆಟ್ಟಿನ ಭಾವ

ನನ್ನ ಭಾವ ಷಡಕ್ಷರಿಯವರನ್ನು ಸೀತೂರಿನಿಂದ ಬಾಳೆಹೊನ್ನೂರಿನವರೆಗೆ ಎಲ್ಲರೂ ಹೊಗಳುತ್ತಾರೆ. ಹೊಗಳಲಿ, ಬೇಡ ಎನ್ನುವವರು ಯಾರು? ಹೊಗಳುವವರಿಗೇನು, ಅವರ ಜೊತೆ ಸಂಸಾರ ಮಾಡಬೇಕೆ? ಸಂಸಾರ ಮಾಡಿದವಳು ನನ್ನ ಅಕ್ಕ ನೀಲಾಂಬಿಕೆ. ಅವಳನ್ನು ಯಾರೂ ಕೇಳಿಲ್ಲ.

ಭಾವನಿಗೆ ಸೀತೂರಿನಲ್ಲಿ ಒಂದಿಷ್ಟು ಗದ್ದೆ, ರಸ್ತೆಯ ಪಕ್ಕ ಒಂದು ಹಿಟ್ಟಿನ ಗಿರಣಿ. ಗಿರಣಿ ಕೆಲಸ ನಿಂತೇ ಮಾಡುವಂಥದ್ದು, ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಅವರು ಕೂತದ್ದನ್ನು ನೋಡಿದವರು ಕಡಿಮೆ. ಊಟಕ್ಕೆ ಕೂತರೂ ಅರ್ಧವೇ ಕೂರುತ್ತಾರೆ, ಒಂದು ಮೊಣಕಾಲು ಮೇಲಿರುತ್ತದೆ. ಯಾರಾದರೂ ಕರೆದರೆ ಏಳಲು ಸುಲಭವಂತೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಯಾರಾದರೂ ಮುದುಕರಿದ್ದಾರೋ ಎಂದು ಕಣ್ಣಲ್ಲೇ ಹುಡುಕಿ ಬಿಟ್ಟುಕೊಡುತ್ತಾರೆ. ಮುದುಕರು ಸಿಗದಿದ್ದರೆ ಕಾಲೇಜು ಹುಡುಗರಿಗಾದರೂ ಬಿಟ್ಟುಕೊಡುತ್ತಾರೆ. ಒಮ್ಮೆ ಅಕ್ಕನನ್ನು ಕೊಪ್ಪಕ್ಕೆ ಸಿನಿಮಾ ತೋರಿಸಲು ಕರೆತಂದಿದ್ದರು. ಪರದೆಯ ಮೇಲೆ ಹೆಸರು ಬೀಳುವಾಗ ಎದ್ದು ಹೋದವರು, ಮುಗಿಯುವ ಹೊತ್ತಿಗೆ ಕೈತುಂಬ ಗ್ರೀಸು ಮಾಡಿಕೊಂಡು ಬಂದರು. ಹೊರಗೆ ಯಾರದೋ ಬೈಕಿನ ಚೈನು ಬಿದ್ದಿತ್ತಂತೆ. ಮಗಳು ಮೇಘನ ಹುಟ್ಟಿದ ದಿನ ಅಕ್ಕ ಒಳಗೆ ನೋವು ತಿನ್ನುತ್ತಿದ್ದರೆ, ಇವರು ಆಸ್ಪತ್ರೆಯ ಹೊರಗೆ ಕಂಡಕಂಡವರಿಗೆಲ್ಲ ಚಹಾ ತಂದು ಹಂಚುತ್ತಿದ್ದರು. ಹೆಣ್ಣು ಮಗು ಎಂದು ನರ್ಸಮ್ಮ ಬಂದು ಹೇಳಿದ್ದು ನನ್ನ ಹತ್ತಿರ.

ಆದರೆ ಅವರ ಹೆಸರು ನಿಂತಿರುವುದು ಬಡಿಸುವುದರ ಮೇಲೆ. ನಮ್ಮ ಕಡೆ ಮದುವೆಯಿರಲಿ, ಗೃಹಪ್ರವೇಶವಿರಲಿ, ಅಡುಗೆಗೆ ಭಟ್ಟರನ್ನು ಕರೆಸಿದರೂ ಬಡಿಸುವುದಕ್ಕೆ ಮಾತ್ರ ನೆಂಟರು, ನೆರೆಯವರೇ ಸೊಂಟಕ್ಕೆ ಟವೆಲ್ ಕಟ್ಟಬೇಕು. ಕೂಲಿ ಕೊಟ್ಟು ಬಡಿಸುವವರನ್ನು ತರಿಸಿದರೆ, 'ಪಾಪ, ಅವರಿಗೆ ಊರಲ್ಲಿ ನಾಲ್ಕು ಜನ ಇಲ್ವಾ?' ಎಂದು ಕೇಳುತ್ತಾರೆ. ಹಾಗಾಗಿ 'ಬಡಿಸೋಕೆ ಜನ ಸಾಲ್ದು' ಎಂಬ ಕೂಗು ಎದ್ದರೆ ಗಂಡಸಾದವನು ಕೂತಿರುವಂತಿಲ್ಲ. ಬೇರೆಯವರು ಆ ಕಡೆ ಈ ಕಡೆ ನೋಡಿ, ಚಪ್ಪಲಿ ಹುಡುಕುವ ನೆಪ ಮಾಡಿ, ಆಮೇಲೆ ಏಳುತ್ತಾರೆ. ಭಾವ ಕೂಗು ಮುಗಿಯುವ ಮೊದಲೇ ಸಾರಿನ ಬಕೆಟ್ಟು ಹಿಡಿದಿರುತ್ತಾರೆ. ಐದು ಜನ ಅಣ್ಣಂದಿರ ಮನೆಯಲ್ಲಿ ಕಿರಿಯವರಾಗಿ ಹುಟ್ಟಿದ್ದರು. 'ನೀನು ಬಡಿಸು, ಆಮೇಲೆ ಉಣ್ಣುವಿಯಂತೆ' ಎಂದು ಚಿಕ್ಕಂದಿನಲ್ಲೇ ಸೌಟು ಕೊಟ್ಟಿದ್ದರು. ಆ ಸೌಟು ಅವರ ಕೈ ಬಿಡಲಿಲ್ಲ. ನನ್ನನ್ನು ಕೇಳಿದರೆ, ಬಡಿಸುವವನಿಗೆ ಒಂದು ಅನುಕೂಲವಿದೆ: ಯಾರ ಪಕ್ಕದಲ್ಲೂ ಕೂತು ಮಾತಾಡಬೇಕಾಗಿಲ್ಲ. 'ಅನ್ನ ಬೇಕಾ, ಸಾರು ಬೇಕಾ' ಎಂದರೆ ಮುಗಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಎದುರಿಗೇ ಅಂದಿದ್ದೇನೆ. ನಕ್ಕು ಸುಮ್ಮನಾಗುತ್ತಾರೆ. ಸಿಟ್ಟಾದರೂ ಬಂದಿದ್ದರೆ ಜಗಳವಾಡಬಹುದಿತ್ತು.

ನಾನು ಗಂಗಾಂಬಿಕೆ, ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಎರಡು ಸಾವಿರದ ಏಳನೆಯ ಇಸವಿ, ಶಿವರಾತ್ರಿ ಕಳೆದ ಹೊಸತು. ಮೈಸೂರಿನಿಂದ ಬಂದಿದ್ದ ಹುಡುಗ ಹುಡುಗಿಯರ ತಂಡವೊಂದು ಹರಿದ ಕೋಟು, ಜರಿ ಕಿತ್ತ ಪೇಟ ಹೊತ್ತುಕೊಂಡು ಅಂಗಡಿಗೆ ಬಂತು. ಸಂಜೆ ಸಮುದಾಯ ಭವನದಲ್ಲಿ ಅವರದು 'ಗೊಂದಲಪ್ಪನ ಮದುವೆ' ಎಂಬ ಹಾಸ್ಯವಂತೆ. ನಾಟಕವೇ ಎಂದು ಕೇಳಿದೆ. 'ನಾಟಕ ಅಂದ್ರೆ ನಾಟಕ. ಆದ್ರೆ ಅರ್ಧ ಪಾತ್ರ ನಿಮ್ದೇ. ಬಂದವರೆಲ್ಲ ಮದುವೆಗೆ ಬಂದ ನೆಂಟರು. ನೀವು ಏನು ಮಾಡ್ತೀರೋ ಅದರ ಮೇಲೆ ಕತೆ ಹೋಗುತ್ತೆ' ಎಂದಳು ತಂಡದ ಹುಡುಗಿ. ಹೊಲಿದು ಕೊಟ್ಟೆ, ಮೂರು ಪಾಸು ಕೊಟ್ಟರು. ನನ್ನ ಗಂಡನಿಗೆ ಇಂಥದ್ದೆಲ್ಲ ಆಗದು. ಅಕ್ಕ ಭಾವ ಹೇಗೂ ಗಿರಣಿಯ ಬೆಲ್ಟು ತರಲು ಕೊಪ್ಪಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದಿದ್ದರು.

ಪಾಸು ನೋಡಿ ಅಕ್ಕ ಮೊದಲು ಬೇಡ ಎಂದಳು. ಆಮೇಲೆ ತಲೆ ಬಾಚಿಕೊಳ್ಳುತ್ತಾ, ಕನ್ನಡಿಯಲ್ಲೇ ಭಾವನನ್ನು ನೋಡಿ ಹೇಳಿದಳು:

"ನೋಡಿ, ಬರೋದಾದ್ರೆ ಒಂದು ಮಾತು. ಶುರುವಿಂದ ಮುಗಿಯೋ ತನಕ ನನ್ನ ಪಕ್ಕ ಕೂರ್ಬೇಕು. ಮಧ್ಯ ಏಳೋ ಹಾಗಿಲ್ಲ."

"ಕೂರಾಣ ಬಿಡೇ, ಅದೆಂತ ದೊಡ್ಡ ಕೆಲ್ಸ" ಎಂದರು ಭಾವ.

"ದೊಡ್ಡ ಕೆಲ್ಸನೇ. ಇಷ್ಟು ವರ್ಷದಲ್ಲಿ ಒಂದ್ಸಲನೂ ಮಾಡಿಲ್ಲ."

ಅಕ್ಕ ಅದನ್ನು ನಗುತ್ತಲೇ ಹೇಳಿದಳು. ಆದರೆ ಬಾಚಣಿಗೆ ಇಟ್ಟು ತಿರುಗಿ ನಿಂತವಳು, ಭಾವ 'ಆಯ್ತು' ಎನ್ನುವ ತನಕ ಹೊಸ್ತಿಲು ದಾಟಲಿಲ್ಲ. ಅವಳು ಜೀವಮಾನದಲ್ಲಿ ಗಂಡನ ಹತ್ತಿರ ಏನನ್ನೂ ಕೇಳಿದವಳಲ್ಲ. ಇದನ್ನೂ ಕೊಡದಿದ್ದರೆ ಅವಳು ಇನ್ನೆಂದೂ ಕೇಳುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಭವನದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಒಬ್ಬೊಬ್ಬರ ಕೈಗೂ ದಾರ ಕಟ್ಟುತ್ತಿದ್ದರು. ಕೆಂಪು ದಾರದವರು ಹೆಣ್ಣಿನ ಕಡೆ, ಹಸಿರು ದಾರದವರು ಗಂಡಿನ ಕಡೆ. ಅಕ್ಕನಿಗೂ ನನಗೂ ಕೆಂಪು, ಭಾವನಿಗೆ ಹಸಿರು. "ಹಂಗಾರೆ ನಾನು ಆ ಕಡೆ" ಎಂದು ಭಾವ ಹೊರಟೇಬಿಟ್ಟರು, ಮುಖದಲ್ಲಿ ರಜೆ ಸಿಕ್ಕವರ ಕಳೆ. ನಾನು ರಟ್ಟೆ ಹಿಡಿದು ನಿಲ್ಲಿಸಿ, ಅವರ ಹಸಿರು ದಾರ ಕಿತ್ತು, ನನ್ನ ಕೆಂಪನ್ನು ಕಟ್ಟಿ, ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂರಿಸಿದೆ. ಅಕ್ಕನ ಈ ಕಡೆ ನಾನು ಕೂತೆ.

ಭವನ ತುಂಬಿತ್ತು. ಹರಿಹರಪುರದಿಂದ, ಮೆಣಸೆಯಿಂದ, ಜಯಪುರದ ಕಡೆಯಿಂದಲೂ ಜೀಪು ಮಾಡಿಕೊಂಡು ಬಂದಿದ್ದರು. ಕುರ್ಚಿಗಳು ಒಂದಕ್ಕೊಂದು ಕಬ್ಬಿಣದ ಪಟ್ಟಿಯಲ್ಲಿ ಸೇರಿಸಿದಂಥವು. ಭಾವ ಕೂತ ಕೂಡಲೇ ಕಾಲು ಕುಣಿಸತೊಡಗಿದರು, ನಮ್ಮ ಸಾಲಿಗೆ ಸಾಲೇ ಅಲುಗಾಡತೊಡಗಿತು. ಆ ತುದಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ಭೂಕಂಪವೇನೋ ಎಂಬಂತೆ ಎದ್ದು ನೋಡಿದಳು. ಅಕ್ಕ ಮೆಲ್ಲಗೆ ಅವರ ಮೊಣಕಾಲಿನ ಮೇಲೆ ಕೈ ಇಟ್ಟಳು. ಕಾಲು ನಿಂತಿತು, ಈಗ ಬೆರಳು ಕುರ್ಚಿಯ ಕೈ ಬಡಿಯತೊಡಗಿತು. ಫ್ಯಾನು ಏಕೆ ಸದ್ದು ಮಾಡುತ್ತಿದೆ, ಹಿಂದಿನ ಬಾಗಿಲು ಏಕೆ ತೆರೆದಿದೆ, ಗಾಡಿಗೆ ಲಾಕ್ ಹಾಕಿದ್ದೇನೋ ಇಲ್ಲವೋ ಎಂದು ಒಂದೊಂದಾಗಿ ಶುರುವಾಯಿತು. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಆಟ ಶುರುವಾಯಿತು. ಅಂಗಡಿಗೆ ಬಂದಿದ್ದ ಹುಡುಗಿಯೇ ಮೀಸೆ ಬರೆದುಕೊಂಡು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಮದುವೆ ದಲ್ಲಾಳಿಯಾಗಿ ಬಂದಳು. ಗಂಡು ಹೆಣ್ಣು ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ನೆಂಟರು ಹಸಿದಿದ್ದಾರೆ, ಮುಹೂರ್ತ ಆಮೇಲೆ, ಊಟ ಮೊದಲು ಎಂದು ಸಾರಿದಳು. ಕೆಂಪು ದಾರದವರೂ ಹಸಿರು ದಾರದವರೂ ಯಾವ ಕಡೆಗೆ ಮೊದಲ ಪಂಕ್ತಿ ಎಂದು ಕೂಗಾಡಿದರು. ನಮ್ಮ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನೂ ಒಂದೆರಡು ಮಾತು ಎಸೆದೆ, ಸುಳ್ಳೇಕೆ ಹೇಳಲಿ. ತಂಡದ ಹುಡುಗರು ಬರೀ ಬಕೆಟ್ಟು, ಬರೀ ಸೌಟು ತಂದು, ಇಲ್ಲದ ಎಲೆಗೆ ಇಲ್ಲದ ಅನ್ನ ಬಡಿಸತೊಡಗಿದರು. ಒಬ್ಬ ಮಜ್ಜಿಗೆಯನ್ನೇ ಮೊದಲು ಹಿಡಿದು ಬಂದ, ಇನ್ನೊಬ್ಬ ಎಡವಿ ಪಾಯಸ ಚೆಲ್ಲಿದವನಂತೆ ಬಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಅಕ್ಕನೂ ನಕ್ಕಳು. ಭಾವ ನಗಲಿಲ್ಲ. ಹಲ್ಲು ಕಚ್ಚಿ ಕೂತಿದ್ದರು.

ಆಗ ದಲ್ಲಾಳಿ ಎದೆ ಬಡಿದುಕೊಂಡು ಕೂಗಿದಳು: "ಅಯ್ಯಯ್ಯೋ, ಬಡಿಸೋಕೆ ಜನ ಸಾಲ್ದು! ಯಾರೂ ಇಲ್ವಾ?"

ಅದು ನಗಿಸಲು ಹೇಳಿದ ಮಾತು. ಮೈಸೂರಿನಲ್ಲಿ ಆ ಮಾತಿಗೆ ಯಾರೂ ಎದ್ದಿರಲಿಕ್ಕಿಲ್ಲ. ಆದರೆ ನಮ್ಮ ಸಾಲಿನ ಕುರ್ಚಿ ಒಮ್ಮೆ ಜೋರಾಗಿ ಅಲುಗಿತು. ತಿರುಗಿ ನೋಡಿದರೆ ಭಾವನ ಜಾಗ ಖಾಲಿ. ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಇಳಿದಿತ್ತು, ಸಾರಿನ ಬಕೆಟ್ಟು ಕೈಗೆ ಬಂದಿತ್ತು. ಅವರನ್ನು ನೋಡಿ ಹರಿಹರಪುರದ ವೀರಪ್ಪನವರು ಎದ್ದರು. ಮೆಣಸೆಯ ಇಬ್ಬರು ಎದ್ದರು. ತಂಡದ ಹುಡುಗರು ಬೆಪ್ಪಾಗಿ ಬಕೆಟ್ಟು ಬಿಟ್ಟುಕೊಟ್ಟು ಗೋಡೆಗೆ ಒರಗಿದರು.

ಆಮೇಲಿನದನ್ನು ನೋಡಬೇಕಿತ್ತು. ಭಾವ ಬರೀ ಬಕೆಟ್ಟನ್ನು ತುಂಬಿದ ಬಕೆಟ್ಟಿನಂತೆ ಒಂದು ಕಡೆಗೆ ವಾಲಿ ಹೊತ್ತು, ಬಗ್ಗಿ ಬಗ್ಗಿ, "ಸಾರು, ಸಾರು, ಬಿಸಿ ಇದೆ, ಕೈ ತೆಗೀರಿ" ಎನ್ನುತ್ತಾ ಸಾಲು ಹಿಡಿದರು. ಜನ "ಸಾಕು ಸಾಕು" ಎಂದು ಕೈ ಅಡ್ಡ ಹಿಡಿದರು. "ಅದೆಂತ ಸಾಕು, ಇಷ್ಟೇ ಉಂಡ್ರೆ ಮನೆ ತನಕ ನಡೆಯೋದು ಹೆಂಗೆ ಮಾರಾಯ" ಎಂದು ಇವರು ಇನ್ನೊಂದು ಸೌಟು ಸುರಿದರು. ಒಬ್ಬ ಮುದುಕಪ್ಪ ನಿಜವಾಗಿಯೂ ಅಂಗಿಯ ತೋಳು ಮಡಚಿಕೊಂಡ. ಭವನ ನಗೆಯಲ್ಲಿ ಮುಳುಗಿತು. ತಂಡದವರು ಅಷ್ಟು ಹೊತ್ತು ಮಾಡಿದ ತಮಾಷೆಗಿಂತ ಇದೇ ದೊಡ್ಡದಾಯಿತು. ಭಾವನ ಮುಖ ಅರಳಿತ್ತು. ಅಷ್ಟು ಚೆನ್ನಾಗಿ ಕಾಣುವ ಮನುಷ್ಯ ಅವರು ಎಂಬುದು ನನಗೂ ಮರೆತುಹೋಗಿತ್ತು.

ಅಕ್ಕ ಖಾಲಿ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟಳು. ಬೇರೆ ಯಾರೂ ಬಂದು ಕೂರದಿರಲಿ ಎಂದೋ, ಅಥವಾ ಆ ಜಾಗ ನೋಡಲಾರದೆಯೋ. ನನಗೆ ಎದ್ದು ಹೋಗಿ ಆ ಬಕೆಟ್ಟನ್ನು ಕಿತ್ತು ಅವರ ತಲೆಗೇ ಮಗುಚಬೇಕು ಎನಿಸಿತು.

"ಕರ್ಕೊಂಡು ಬರ್ಲಾ?" ಎಂದೆ.

"ಬೇಡ ಕಣೇ. ಕರೆದ್ರೆ ಬರ್ತಾರೆ. ಕರೆದು ಕೂರಿಸ್ಕೊಂಡ್ರೆ ಏನು ಬಂತು?" ಎಂದಳು ಅಕ್ಕ.

ಅಷ್ಟರಲ್ಲಿ ದಲ್ಲಾಳಿಗೆ ಕಿವಿಯಲ್ಲಿ ಯಾರೋ ಸುದ್ದಿ ಹೇಳಿದ ಹಾಗಾಯಿತು: ಬಸ್ಸು ಇವತ್ತು ಬರುವುದಿಲ್ಲ, ಮುಹೂರ್ತ ಮೀರುತ್ತಿದೆ, ಇದ್ದವರಲ್ಲೇ ಗಂಡು ಹೆಣ್ಣು ಹುಡುಕಬೇಕು. ಕೊಡೆ ಬೀಸುತ್ತಾ ಸಾಲು ಸಾಲು ನೋಡಿಕೊಂಡು ಬಂದವಳು ನಮ್ಮ ಎದುರು ನಿಂತಳು. "ಇಗೋ ಸಿಕ್ಕಿತು ಹೆಣ್ಣು! ಪಕ್ಕದ ಕುರ್ಚಿ ಖಾಲಿ ಇಟ್ಕೊಂಡು ಕಾಯ್ತಾ ಇದ್ದಾರೆ!" ಜನ ಚಪ್ಪಾಳೆ ತಟ್ಟಿದರು. ಅಕ್ಕ ಒಲ್ಲೆ ಎಂದು ಒದ್ದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಮಣೆಯ ಮೇಲೆ ಕೂರಿಸಿ, ಅವಳ ತಲೆಗೆ ಬಣ್ಣದ ಕಾಗದದ ಬಾಸಿಂಗ ಕಟ್ಟಿದರು. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದರು.

"ಗಂಡು ಎಲ್ಲಮ್ಮಾ?" ಎಂದಳು ದಲ್ಲಾಳಿ.

"ಅಗೋ, ಸಾರಿನ ಬಕೆಟ್ಟು ಹಿಡ್ಕೊಂಡಿದಾರಲ್ಲ, ಅವರೇ ನಮ್ಮನೆಯವರು."

ನಗೆಯೋ ನಗೆ. ಭಾವ ಹಿಂದಿನ ಸಾಲಿನಿಂದ ತಲೆ ಎತ್ತಿ, "ಇದೊಂದು ಸಾಲು ಮುಗಿಸಿ ಬತ್ತೀನಿ" ಎಂದರು. ನಗೆ ಇನ್ನೂ ಜೋರಾಯಿತು. ದಲ್ಲಾಳಿಯೂ ಮೀಸೆ ಅಳಿಸಿಹೋಗುವಂತೆ ನಕ್ಕಳು.

"ಇವ್ರು ಯಾವಾಗ್ಲೂ ಹೀಗೇನಾ ಅಮ್ಮಾ?"

ಅಕ್ಕ ಆ ಪ್ರಶ್ನೆಗೂ ನಗೆಯ ಉತ್ತರವನ್ನೇ ಕೊಡಬಹುದಿತ್ತು. ಕೊಡಲಿಲ್ಲ. ಮೆಲ್ಲಗೇ ಮಾತಾಡಿದಳು, ಆದರೆ ದಲ್ಲಾಳಿ ಅವಳ ಬಾಯಿಯ ಮುಂದೆ ಮೈಕು ಹಿಡಿದಿದ್ದಳು.

"ನಮ್ಮ ಮದುವೇಲೂ ಹಿಂಗೇ ಆಯ್ತು. ಭೂಮಕ್ಕೆ ಕೂತಿದ್ವಿ. ಗಂಡು ಹೆಣ್ಣು ಒಂದೇ ತಟ್ಟೇಲಿ ಉಣ್ಣೋ ಶಾಸ್ತ್ರ. ಇನ್ನೂ ಮೊದಲ ತುತ್ತು ಇಟ್ಟಿಲ್ಲ. ಆ ಕಡೆ ಯಾರೋ ಬಡಿಸೋಕೆ ಜನ ಸಾಲ್ದು ಅಂತ ಕೂಗಿದ್ರು. ಇವ್ರು ಬಾಸಿಂಗ ಕಟ್ಕೊಂಡೇ ಎದ್ದು ಹೋದ್ರು. ನಾನು ತಟ್ಟೆ ಮುಂದೆ ಕೂತೇ ಇದ್ದೆ."

ಜನ ಮತ್ತೆ ನಕ್ಕರು. ನಗದೆ ಏನು ಮಾಡುತ್ತಾರೆ? ಇದು ನಮ್ಮ ಮನೆಯ ಅತಿ ಮೆಚ್ಚಿನ ತಮಾಷೆ. ಪ್ರತಿ ಮದುವೆಯಲ್ಲೂ ಒಬ್ಬರಲ್ಲ ಒಬ್ಬರು ಇದನ್ನು ಹೇಳುತ್ತಾರೆ, ಬಾಸಿಂಗ ಕಟ್ಟಿದ ಗಂಡು ಪಾಯಸ ಬಡಿಸಿದ್ದನ್ನು ನಟಿಸಿ ತೋರಿಸುತ್ತಾರೆ. ಅಕ್ಕ ಅದನ್ನು ತನ್ನ ಬಾಯಿಂದ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಎಲ್ಲರೂ ನಕ್ರು. ನಾನೂ ನಕ್ಕೆ" ಎಂದಳು ಅಕ್ಕ. "ಹೊಸ ಹುಡುಗಿ, ಇನ್ನೆಂತ ಮಾಡ್ಲಿ? ಅನ್ನ ಆರಿ ಹೋಯ್ತು. ಅತ್ತಿಗೆ ಬಂದು ತಟ್ಟೆ ಎತ್ತಿದ್ರು. ಅವತ್ತು ನಾನು ಉಣ್ಲೇ ಇಲ್ಲ. ಊರಿಗೆಲ್ಲ ಬಡಿಸಿದ್ರಲ್ಲ, ನಾನು ಉಂಡ್ನಾ ಅಂತ ಇವತ್ತಿನ ತನಕ ಕೇಳಿಲ್ಲ."

ನಗೆ ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ದಲ್ಲಾಳಿ ಮೈಕನ್ನು ಕೆಳಗಿಳಿಸಿದಳು. ಅದೇ ಕತೆಗೆ ಎಷ್ಟು ಮದುವೆಗಳಲ್ಲಿ ನಕ್ಕಿದ್ದೆವು ನಾವೆಲ್ಲ.

ಭಾವ ಬಂದರು. ಓಡಿ ಬರಲಿಲ್ಲ, ಸಾಲುಗಳ ಮಧ್ಯೆ ಮೆಲ್ಲಗೆ ನಡೆದು ಬಂದರು, ಬಕೆಟ್ಟು ಇನ್ನೂ ಕೈಯಲ್ಲೇ ಇತ್ತು. ಮಣೆಯ ಹತ್ತಿರ ನಿಂತು ಅಕ್ಕನನ್ನು ನೋಡಿದರು. ಬಕೆಟ್ಟು ಕೆಳಗಿಟ್ಟು ಕೂತರು. ಅವರ ತಲೆಗೂ ಬಾಸಿಂಗ ಕಟ್ಟಿದರು. ತಂಡದ ಹುಡುಗನೊಬ್ಬ ಒಂದು ದೊಡ್ಡ ಸ್ಟೀಲ್ ತಟ್ಟೆ ತಂದು ಇಬ್ಬರ ನಡುವೆ ಇಟ್ಟ. ತಟ್ಟೆಯಲ್ಲಿ ಏನೂ ಇರಲಿಲ್ಲ.

ಹಿಂದಿನ ಸಾಲಿನವರಿಗೆ ಮಾತು ಸರಿಯಾಗಿ ಕೇಳಿರಲಿಲ್ಲವೋ ಏನೋ. ಅಲ್ಲಿಂದ ಒಬ್ಬ ಕೂಗಿದ:

"ಓ ಷಡಕ್ಷರಿ, ಈ ಕಡೆ ಸಾರು ಬಂದಿಲ್ಲ ಮಾರಾಯ! ಬಡಿಸೋರೇ ಇಲ್ಲ!"

ಭಾವನ ಮೊಣಕಾಲು ಮೇಲೆದ್ದಿತು. ನಾನು ನೋಡಿದೆ, ಎಲ್ಲರೂ ನೋಡಿದರು. ಒಂದು ಕೈ ಆಗಲೇ ಬಕೆಟ್ಟಿನ ಹಿಡಿಯ ಮೇಲಿತ್ತು. ಅಕ್ಕ ಅವರ ಕಡೆ ನೋಡಲಿಲ್ಲ. ತಟ್ಟೆಯ ಅಂಚಿನಲ್ಲಿದ್ದ ತನ್ನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಅಷ್ಟೇ. ದೇವರೇ, ಈ ಮನುಷ್ಯ ಈಗ ಎದ್ದರೆ ನನ್ನ ಅಕ್ಕನಿಗೆ ಇನ್ನು ಯಾರೂ ಇಲ್ಲ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಭಾವ ಬಕೆಟ್ಟನ್ನು ಆಚೆ ತಳ್ಳಿದರು. ಅದು ಉರುಳಿ ಸದ್ದು ಮಾಡಿತು. ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿದರು. ಅವರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನೀವೇ ಬಡಿಸ್ಕೊಳ್ಳಿ!" ಎಂದು ಕೂಗಿದರು. ದನಿ ಒಡೆದಿತ್ತು. "ನಾನು ಊಟಕ್ಕೆ ಕೂತೀನಿ."

ಯಾರೂ ನಗಲಿಲ್ಲ. ಭಾವ ಬರೀ ತಟ್ಟೆಗೆ ಕೈ ಹಾಕಿ ಕಲಸಿದರು. ಸಾವಿರ ಜನರಿಗೆ ಬಡಿಸಿದ ಕೈಯಲ್ಲೇ ತುತ್ತು ಮಾಡಿ ಅಕ್ಕನ ಬಾಯಿಯ ಹತ್ತಿರ ಹಿಡಿದರು. ಅವಳು ಬಾಯಿ ತೆರೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಂಪು ದಾರದವರು, ಹಸಿರು ದಾರದವರು ಯಾರೂ ಅಲುಗಲಿಲ್ಲ. ದಲ್ಲಾಳಿ ಹುಡುಗಿ ಮೀಸೆಯ ಮೇಲೆಯೇ ಮೂಗು ಒರೆಸಿಕೊಂಡಳು.

ಕೊನೆಗೆ ಅಕ್ಕನಿಗೇ ಸಂಕೋಚವಾಗಿರಬೇಕು. ಮೈಕು ಇರಲಿಲ್ಲ, ಆದರೂ ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು.

"ಸಾಕು, ಏಳಿ ಇನ್ನು. ಪಾಪ, ಜನ ಕಾಯ್ತಿದಾರೆ."

"ಕಾಯ್ಲಿ ಬಿಡೇ" ಎಂದರು ಭಾವ, ಇನ್ನೊಂದು ತುತ್ತು ಕಲಸುತ್ತಾ. "ನೀನಿನ್ನೂ ಉಂಡಿಲ್ಲ."